ಹೊಸ ಮನೆಗೆ ದೊಡ್ಡ ಟಿವಿ: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಹೊಸ ಮನೆಯ ಖರ್ಚಿನ ಪಟ್ಟಿಯಲ್ಲಿ ಟಿವಿ ಬರುವುದು ಕೊನೆಗೆ. ಗೃಹಪ್ರವೇಶ ಮುಗಿದು, ಗ್ರಿಲ್ಲಿನವರ ಬಾಕಿ, ಪೇಂಟಿನವರ ಬಾಕಿ ಎಲ್ಲ ಚುಕ್ತಾ ಆದ ಮೇಲೆ, ಉಳಿದ ದುಡ್ಡಿಗೆ ಎಷ್ಟು ದೊಡ್ಡದು ಸಿಗುತ್ತದೋ ಅಷ್ಟು ದೊಡ್ಡದನ್ನು ತರುವುದು ರೂಢಿ. 50 ಸಾವಿರ ಇದ್ದರೆ 50 ಸಾವಿರದ ಟಿವಿ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಈ ಲೆಕ್ಕ ನಡೆದೀತು. ಕಾರವಾರ, ಶಿರಸಿ ಕಡೆ ನಡೆಯುವುದಿಲ್ಲ. ಇಲ್ಲಿ ಉಪ್ಪುಗಾಳಿ ಇದೆ, ನಾಲ್ಕು ತಿಂಗಳ ಮಳೆ ಇದೆ, ಮರ ಬಿದ್ದು ಕಡಿಯುವ ಲೈನು ಇದೆ, ಸ್ಕ್ರೂ ಹಿಡಿಯದ ಚಿರೆಕಲ್ಲಿನ ಗೋಡೆ ಇದೆ. ಆ 50 ಸಾವಿರದಲ್ಲಿ 42–43ಕ್ಕೆ ಟಿವಿ ಮುಗಿಸಿ, ಮಿಕ್ಕದ್ದನ್ನು ಅದರ ಹಿಂದಿನ ಗೋಡೆಗೆ, ವೈರಿಂಗಿಗೆ, ಸೌಂಡಿಗೆ ಎಂದು ತೆಗೆದಿಡುವುದು ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಟ್ಟಿಗೆ ಸರಿಯಾದ ಲೆಕ್ಕ.

ಮೊದಲು ಅಳತೆ. ಅಂಗಡಿಗೆ ಹೋಗುವ ಮುಂಚೆ ಟೇಪು ಹಿಡಿದು, ಸೋಫಾದಲ್ಲಿ ಕೂತವರ ಕಣ್ಣಿನಿಂದ ಟಿವಿ ಬರುವ ಗೋಡೆಯವರೆಗಿನ ದೂರವನ್ನು ಇಂಚಿನಲ್ಲಿ ಅಳೆಯಿರಿ. ಹಾಲ್ 12 ಅಡಿ ಎಂದರೆ ನೋಡುವ ದೂರ 12 ಅಡಿ ಇರುವುದಿಲ್ಲ. ಸೋಫಾದ ಬೆನ್ನು, ಅದರ ಹಿಂದಿನ ಜಾಗ, ಟಿವಿಯ ಸ್ಟ್ಯಾಂಡು ಎಲ್ಲ ಕಳೆದರೆ 8–9 ಅಡಿ ಉಳಿಯುತ್ತದೆ. ಈ ಇಂಚನ್ನು 1.5ರಿಂದ ಭಾಗಿಸಿದರೆ 4ಕೆ ಚಿತ್ರಕ್ಕೆ ಒಪ್ಪುವ ಟಿವಿಯ ಅಳತೆ ಸಿಗುತ್ತದೆ. 7 ಅಡಿಗೆ 55 ಇಂಚು, 8 ಅಡಿಗೆ 65 ಇಂಚು. 55 ಇಂಚಿನ ಟಿವಿ ಅಂದಾಜು 4 ಅಡಿ ಅಗಲ, 65 ಇಂಚಿನದು 4 ಅಡಿ 9 ಇಂಚು. ಅಗಲದ ಲೆಕ್ಕದಲ್ಲಿ ಸಣ್ಣ ವ್ಯತ್ಯಾಸ ಅನಿಸಿದರೂ ಪರದೆಯ ವಿಸ್ತೀರ್ಣ ಶೇ 40ರಷ್ಟು ಹೆಚ್ಚು. ಗೋಡೆಗೆ ಹಳೆಯ ನ್ಯೂಸ್ ಪೇಪರನ್ನು ಆ ಅಳತೆಗೆ ಅಂಟಿಸಿ ಎರಡು ದಿನ ಬಿಟ್ಟರೆ ಮನೆಯವರೆಲ್ಲರ ಅಭಿಪ್ರಾಯ ತಾನಾಗಿಯೇ ಹೊರಬರುತ್ತದೆ.

ಆದರೆ ಈ ಸೂತ್ರ 4ಕೆ ಚಿತ್ರಕ್ಕೆ ಮಾತ್ರ. ಸಂಜೆ 6ರಿಂದ 10ರವರೆಗೆ ಕೇಬಲ್ಲಿನಲ್ಲೋ ಡಿಶ್ಶಿನಲ್ಲೋ ಸಾಧಾರಣ ಎಸ್‌ಡಿ ಚಾನೆಲ್ಲಿನ ಧಾರಾವಾಹಿ ಓಡುವ ಮನೆಯ ಕಥೆ ಬೇರೆ. ಎಸ್‌ಡಿ ಚಿತ್ರದಲ್ಲಿರುವುದು 720 ಗುಣಿಸು 576, ಅಂದರೆ 4 ಲಕ್ಷ ಚಿಲ್ಲರೆ ಪಿಕ್ಸೆಲ್. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ. ಒಂದು ಚುಕ್ಕೆಯ ಮಾಹಿತಿಯನ್ನು ಟಿವಿಯ ಪ್ರೊಸೆಸರ್ 20 ಚುಕ್ಕೆಗೆ ಹಂಚಬೇಕು. ಅಗ್ಗದ ಪ್ರೊಸೆಸರಿಗೆ ಅದು ಆಗುವುದಿಲ್ಲ. ಮುಖಗಳೆಲ್ಲ ನೀರು ಕುಡಿದ ಹಾಗೆ ಕಾಣುತ್ತವೆ. 65 ಇಂಚಿನ ಟಿವಿ ತಂದು ಎಸ್‌ಡಿ ಪ್ಯಾಕಿನಲ್ಲೇ ಉಳಿಯುವುದಕ್ಕಿಂತ, 55 ಇಂಚು ತಂದು ನೋಡುವ ನಾಲ್ಕೈದು ಚಾನೆಲ್ಲುಗಳನ್ನಷ್ಟೇ ಎಚ್‌ಡಿ ಮಾಡಿಸಿಕೊಳ್ಳುವುದು ಒಳ್ಳೆಯದು. ಸೆಟ್‌ಟಾಪ್ ಬಾಕ್ಸ್ ಹಳೆಯದಾಗಿದ್ದರೆ ಅದನ್ನೂ ಎಚ್‌ಡಿ ಬಾಕ್ಸಿಗೆ ಬದಲಿಸಿ, ಕೆಂಪು–ಬಿಳಿ–ಹಳದಿ ವೈರು ಬಿಟ್ಟು ಎಚ್‌ಡಿಎಂಐ ಕೇಬಲ್ಲಿನಲ್ಲೇ ಜೋಡಿಸಿ. ಹೊಸ ಟಿವಿಗೆ ಹಳೆ ವೈರು ಚುಚ್ಚಿ ಚಿತ್ರ ಸರಿ ಇಲ್ಲ ಎಂದು ದೂರುವವರು ಬೇಕಷ್ಟು ಜನ.

ಇನ್ನು ಪರದೆ. ಅಂಗಡಿಯಲ್ಲಿ ಓಡುವ ಡೆಮೊ ವಿಡಿಯೊದಲ್ಲಿ ಹೂವು, ಹಕ್ಕಿ, ಕಿತ್ತಳೆ ಹಣ್ಣು. ಅದರಲ್ಲಿ 25 ಸಾವಿರದ ಟಿವಿಯೂ ಲಕ್ಷದ ಟಿವಿಯ ಹಾಗೇ ಕಾಣುತ್ತದೆ. ಪೆನ್‌ಡ್ರೈವಿನಲ್ಲಿ ಎರಡು ತುಣುಕು ನೀವೇ ಒಯ್ಯಿರಿ. ಒಂದು, ಬಡಗುತಿಟ್ಟಿನ ಯಕ್ಷಗಾನದ್ದು. ಕಪ್ಪು ಪರದೆಯ ಮುಂದೆ ಬಣ್ಣದ ವೇಷ ನಿಂತಿರುವ, ರಂಗದ ಮೇಲಷ್ಟೇ ಬೆಳಕಿರುವ ದೃಶ್ಯ ಇರಲಿ. ಟಿವಿ ಪರೀಕ್ಷೆಗೆ ಇದಕ್ಕಿಂತ ಕಠಿಣ ಚಿತ್ರ ಸಿಗುವುದು ಕಷ್ಟ. ಹಿಂದಿನ ಕಪ್ಪು ಕಪ್ಪಾಗಿದೆಯೋ, ಬೂದಿ ಬಣ್ಣಕ್ಕೆ ತಿರುಗಿದೆಯೋ ನೋಡಿ. ಕಸೆ ಸೀರೆಯ ಕೆಂಪು–ಕಪ್ಪು ಚೌಕುಳಿಗಳು ವೇಷ ಗಿರ್ಕಿ ಹೊಡೆಯುವಾಗ ಬೇರೆ ಬೇರೆಯಾಗಿ ಉಳಿದಾವೋ, ಕಲಸಿಹೋದಾವೋ ನೋಡಿ. ಕಿರೀಟದ ಸುತ್ತ ಬೆಳಕಿನ ಮಬ್ಬು ವರ್ತುಲ ಎದ್ದರೆ ಲೋಕಲ್ ಡಿಮ್ಮಿಂಗಿನ ವಲಯಗಳು, ಅಂದರೆ ಪರದೆಯ ಹಿಂದಿನ ಬೆಳಕನ್ನು ಬೇರೆ ಬೇರೆಯಾಗಿ ತಗ್ಗಿಸಬಲ್ಲ ಭಾಗಗಳು, ಕಡಿಮೆ ಎಂದರ್ಥ. ಎರಡನೆಯದು ಕ್ರಿಕೆಟ್ಟಿನ ತುಣುಕು. ಬೌಂಡರಿಗೆ ಹೋಗುವ ಚೆಂಡಿನ ಹಿಂದೆ ಕ್ಯಾಮೆರಾ ಓಡುವಾಗ ಹಸಿರು ಮೈದಾನದ ಮೇಲೆ ಕೊಳೆ ಹಿಡಿದಂಥ ಪಟ್ಟೆಗಳು ಕಂಡರೆ ಬ್ಯಾಕ್‌ಲೈಟ್ (ಪರದೆಯ ಹಿಂದಿನ ದೀಪ) ಸಮನಾಗಿ ಹರಡಿಲ್ಲ. ಎರಡನ್ನೂ ನೋಡುವ ಮುಂಚೆ ಪಿಕ್ಚರ್ ಮೋಡನ್ನು ವಿವಿಡ್‌ನಿಂದ ಮೂವಿಗೆ ಬದಲಿಸಲು ಹೇಳಿ. ಮನೆಯಲ್ಲಿ ನೀವು ದಿನಾ ನೋಡುವುದು ಅದನ್ನೇ.

ಈ ವ್ಯತ್ಯಾಸದ ಮೂಲ ಪ್ಯಾನೆಲ್, ಅಂದರೆ ಚಿತ್ರ ಮೂಡಿಸುವ ಎಲ್‌ಸಿಡಿ ಹಾಳೆ. ಅದರಲ್ಲಿ ವಿಎ, ಐಪಿಎಸ್ ಎಂಬ ಎರಡು ಬಗೆ ಸಾಮಾನ್ಯ. ವಿಎ ಪ್ಯಾನೆಲ್ಲಿನ ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅನುಪಾತ) 3000ಕ್ಕೆ 1 ಅಥವಾ ಅದಕ್ಕೂ ಮೇಲೆ. ಐಪಿಎಸ್‌ನದು 1000ಕ್ಕೆ 1ರ ಆಸುಪಾಸು. ರಾತ್ರಿ ದೀಪ ಆರಿಸಿ ಯಕ್ಷಗಾನದ ಆಟ, ಸಿನಿಮಾ ನೋಡುವ ಮನೆಗೆ ವಿಎ ಸರಿ. ಆದರೆ ವಿಎ ಪರದೆಯನ್ನು ಪಕ್ಕದಿಂದ ನೋಡಿದರೆ ಬಣ್ಣ ತೊಳೆದ ಹಾಗೆ ಕಾಣುತ್ತದೆ. ನಮ್ಮ ಮನೆಗಳಲ್ಲಿ ಎಲ್ಲರೂ ಎದುರಿಗೇ ಕೂರುವುದಿಲ್ಲ. ಅಜ್ಜ ಜಗಲಿಯ ಬಾಗಿಲಿನ ಹತ್ತಿರದ ಆರಾಮ ಕುರ್ಚಿಯಲ್ಲಿ, ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ, ಮಕ್ಕಳು ನೆಲದ ಮೇಲೆ. ಹಾಲ್ ಅಗಲವಾಗಿದ್ದು ಇಂಥ ಕೂಟವೇ ದಿನದ ರೂಢಿಯಾಗಿದ್ದರೆ ಐಪಿಎಸ್ ತಗೊಂಡು ಕಪ್ಪಿನ ವಿಷಯದಲ್ಲಿ ಸ್ವಲ್ಪ ರಾಜಿಯಾಗಬಹುದು. ಬಹಳ ಕಂಪನಿಗಳು ಪ್ಯಾನೆಲ್ ಯಾವುದೆಂದು ಬರೆಯುವುದೇ ಇಲ್ಲ. ಹೀಗಾಗಿ ಅಂಗಡಿಯಲ್ಲಿ ಎಡಕ್ಕೆ ನಾಲ್ಕು ಹೆಜ್ಜೆ ಸರಿದು ನೋಡುವುದೇ ದಾರಿ.

ಡಬ್ಬದ ಮೇಲಿನ ಹೆಸರುಗಳಿಗೆ ಮರುಳಾಗಬೇಡಿ. ಕ್ಯೂಎಲ್‌ಇಡಿ ಎಂದರೆ ಅದೇ ಎಲ್‌ಸಿಡಿ ಪರದೆಗೆ ಬಣ್ಣ ಹೆಚ್ಚಿಸುವ ಒಂದು ಪದರ. ಕಪ್ಪು ಅದರಿಂದ ಸುಧಾರಿಸುವುದಿಲ್ಲ. ಎಚ್‌ಡಿಆರ್ (ಬೆಳಕು–ಕತ್ತಲ ಅಂತರ ಹೆಚ್ಚಿಸಿದ ಚಿತ್ರ) ಎಂದು ಬರೆದಿದ್ದರೆ ಆ ಸಿಗ್ನಲನ್ನು ಟಿವಿ ಒಪ್ಪಿಕೊಳ್ಳುತ್ತದೆ ಎಂದಷ್ಟೇ. 250–300 ನಿಟ್ಸ್ ಬೆಳಕಿನ ಪರದೆಯಲ್ಲಿ ಎಚ್‌ಡಿಆರ್ ಹಾಕಿದರೆ ಚಿತ್ರ ಇನ್ನೂ ಮಂಕಾಗುವುದೇ ಹೆಚ್ಚು; 600 ನಿಟ್ಸ್ ಮೇಲೆ ಹೋದರೆ ಅದಕ್ಕೆ ಅರ್ಥ ಬರುತ್ತದೆ. ಡಿಎಲ್‌ಜಿ ಎಂಬ ಮೂರು ಅಕ್ಷರದೊಂದಿಗೆ 120 ಹರ್ಟ್ಸ್ (ಸೆಕೆಂಡಿಗೆ 120 ಚಿತ್ರ) ಎಂದಿದ್ದರೆ, ಪರದೆಯ ಗೆರೆಗಳನ್ನು ಅರ್ಧ ಮಾಡಿ ವೇಗ ದುಪ್ಪಟ್ಟು ಮಾಡಿದ್ದಾರೆ ಎಂದು ತಿಳಿಯಿರಿ. ಗೇಮ್ ಆಡದ ಮನೆಗೆ ನಿಜವಾದ 120 ಹರ್ಟ್ಸ್ ಕೂಡ ಕೊನೆಯ ಆದ್ಯತೆ. ಹೆಚ್ಚಿನ ದುಡ್ಡು ಹಾಕುವುದಾದರೆ ಮಿನಿ ಎಲ್‌ಇಡಿಗೆ, ಅಂದರೆ ಬ್ಯಾಕ್‌ಲೈಟಿನಲ್ಲಿ ಸಣ್ಣ ಸಣ್ಣ ದೀಪ ಬಹಳ ಇರುವ ಟಿವಿಗೆ, ಹಾಕಿ. ಅದೇ ಅಳತೆಯಲ್ಲಿ ಹಗಲಿನ ಬೆಳಕಿಗೂ ರಾತ್ರಿಯ ಕಪ್ಪಿಗೂ ಎರಡಕ್ಕೂ ಒದಗುವುದು ಅದು. ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಓಎಲ್‌ಇಡಿಯ ಚಿತ್ರ ಇನ್ನೂ ಚೆಂದ, ಸಂಶಯ ಇಲ್ಲ. ಆದರೆ ಮೊದಲ ಮನೆಯ ಸಾಲದ ಕಂತು ನಡೆಯುವಾಗ ಆ ಬೆಲೆ ಸಮರ್ಥಿಸುವುದು ಕಷ್ಟ.

ಆ್ಯಪುಗಳ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಯಾವ ಸಾಫ್ಟ್‌ವೇರ್ ಆದರೂ ಮೂರ್ನಾಲ್ಕು ವರ್ಷಕ್ಕೆ ನಿಧಾನವಾಗುತ್ತದೆ. ಆಗ ಆ್ಯಪು ಓಡಿಸುವ 3–5 ಸಾವಿರದ ಸ್ಟಿಕ್ಕನ್ನು ಎಚ್‌ಡಿಎಂಐಗೆ ಚುಚ್ಚಿದರೆ ಆಯಿತು. 2 ಜಿಬಿ ರ್‍ಯಾಮ್, 16 ಜಿಬಿ ಸ್ಟೋರೇಜ್, 5 ಗಿಗಾಹರ್ಟ್ಸ್ ವೈಫೈ, ಮೂರು ಎಚ್‌ಡಿಎಂಐ, ಅದರಲ್ಲಿ ಒಂದು ಇಆರ್ಕ್ (ಸೌಂಡ್‌ಬಾರಿಗೆ ದನಿ ಕಳಿಸುವ ಕಿಂಡಿ). ಇಷ್ಟಿದ್ದರೆ ಸಾಕು.

ಸೌಂಡಿಗೆ ಮಾತ್ರ ದುಡ್ಡು ಎತ್ತಿಡಿ. ತೆಳು ಟಿವಿಯ 20 ವ್ಯಾಟ್ ಸ್ಪೀಕರ್ ನೆಲದ ಕಡೆ ಮುಖ ಮಾಡಿರುತ್ತದೆ. ಚಂಡೆಯ ಪೆಟ್ಟು ಹೇಗೋ ಕೇಳಿಸುತ್ತದೆ, ಅದರ ಅಡಿಯಲ್ಲಿ ಮದ್ದಳೆ ಅಡಗಿಹೋಗುತ್ತದೆ. ಜುಲೈಯಲ್ಲಿ ಹಂಚಿನ ಮಾಡಿನ ಮೇಲೆ, ಅದರಲ್ಲೂ ಶೀಟಿನ ಮೇಲೆ ಮಳೆ ಬಿದ್ದಾಗ ವಾಲ್ಯೂಮ್ ತುದಿಗೇರಿಸಿದರೂ ಮಾತು ಕೇಳುವುದಿಲ್ಲ. 5–7 ಸಾವಿರದ ಸಾಧಾರಣ ಸೌಂಡ್‌ಬಾರ್ ಆದರೂ ಸರಿ, ಮಾತು ಕಿವಿಯ ಕಡೆಗೆ ಬರುತ್ತದೆ.

ಈಗ ಗೋಡೆ. ಕರಾವಳಿಯಿಂದ ಘಟ್ಟದ ಮೇಲಿನವರೆಗೂ ಹೆಚ್ಚಿನ ಮನೆಗಳದ್ದು ಚಿರೆಕಲ್ಲು. ಗಣಿಯಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು ಇದು. ಮೈತುಂಬ ತೂತು, ತೂತಿನೊಳಗೆ ಜೇಡಿ ಮಣ್ಣು. ಟಿವಿ ಕೂರಿಸಲು ಬರುವವರು ಕಾಂಕ್ರೀಟಿಗೆ ಹೊಡೆದ ಹಾಗೆ ಹ್ಯಾಮರ್ ಮೋಡಿನಲ್ಲಿ ಡ್ರಿಲ್ ಹಾಕುತ್ತಾರೆ. 8 ಮಿಲಿಮೀಟರಿನ ತೂತು 12 ಆಗುತ್ತದೆ, ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಪ್ಲಗ್ ಒಳಗೆ ಗಿರಗಿರ ತಿರುಗುತ್ತದೆ. ಕಬ್ಬಿಣದ ಆ್ಯಂಕರ್ ಬೋಲ್ಟ್ ಹಾಕಿ ಬಿಗಿದರೆ ಅದು ಹಿಗ್ಗಿ ಕಲ್ಲನ್ನೇ ಒಡೆಯುತ್ತದೆ. ಅವತ್ತು ಗಟ್ಟಿಯಾಗಿ ಕಂಡದ್ದು ಆರು ತಿಂಗಳ ನಂತರ ಒಂದು ಬದಿಗೆ ವಾಲುತ್ತದೆ. 55 ಇಂಚಿನ ಟಿವಿ 12–15 ಕಿಲೊ, 65 ಇಂಚಿನದು 20ರ ಆಸುಪಾಸು. ಮುಂದೆ ಎಳೆದು ತಿರುಗಿಸುವ ಬ್ರಾಕೆಟ್ ಆದರೆ ಮೇಲಿನ ಎರಡು ಸ್ಕ್ರೂಗಳ ಮೇಲೆ ಅದರ ಹಲವು ಪಟ್ಟು ಎಳೆತ ಬೀಳುತ್ತದೆ. ಚಿರೆಕಲ್ಲಿಗೆ ಅದು ಬೇಡವೇ ಬೇಡ. ಗೋಡೆಗೆ ಅಂಟಿ ಕೂರುವ ಬ್ರಾಕೆಟ್ಟೇ ಇರಲಿ.

ಸರಿಯಾದ ಕ್ರಮ ಹೀಗೆ. ನೀರು ತಾಳುವ ಮರೈನ್ ಪ್ಲೈವುಡ್ಡಿನ ಐಎಸ್ 710 ಮುದ್ರೆ ಇರುವ 18 ಮಿಲಿಮೀಟರ್ ಪ್ಲೈವುಡ್ಡನ್ನು 3 ಅಡಿ ಉದ್ದ, 2 ಅಡಿ ಎತ್ತರಕ್ಕೆ ಕತ್ತರಿಸಿ, ಅಂಚಿಗೂ ಹಿಂಬದಿಗೂ ಪ್ರೈಮರ್ ಹೊಡೆಸಿ. ಇಷ್ಟು ದೊಡ್ಡ ಹಲಗೆ ಒಂದಕ್ಕಿಂತ ಹೆಚ್ಚು ಕಲ್ಲುಗಳ ಮೇಲೆ ಭಾರ ಹಂಚುತ್ತದೆ. ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ, ಪ್ಲಗ್ಗಿಗಿಂತ ಒಂದು ಅಳತೆ ಸಣ್ಣ ಬಿಟ್ಟಿನಲ್ಲಿ ತೂತು ಹಾಕಬೇಕು. 12–15 ಮಿಲಿಮೀಟರ್ ಗಾರೆ ದಾಟಿ ಪ್ಲಗ್ ಪೂರ್ತಿ ಕಲ್ಲಿನೊಳಗೇ ಕೂರಬೇಕು. ಸ್ಕ್ರೂ 75 ಮಿಲಿಮೀಟರಿಗಿಂತ ಕಮ್ಮಿ ಬೇಡ, ಎಂಟು–ಹತ್ತು ಕಡೆ ಇರಲಿ. ಎಲ್ಲಾದರೂ ತೂತು ಜಾಳಾಯಿತು ಎಂದರೆ ಅದರೊಳಗೆ ಬೆಂಕಿಕಡ್ಡಿ ತುರುಕುವುದು ಬಿಟ್ಟು, ನಾಲ್ಕು ಇಂಚು ಪಕ್ಕಕ್ಕೆ ಸರಿಯಿರಿ ಅಥವಾ ಕೆಮಿಕಲ್ ಆ್ಯಂಕರ್ (ಒಳಗೆ ಗಟ್ಟಿಯಾಗುವ ಅಂಟು) ತುಂಬಿಸಿ. ಕಾರವಾರ, ಅಂಕೋಲಾ, ಹೊನ್ನಾವರದ ಕಡೆ ಸಮುದ್ರಕ್ಕೆ ಹತ್ತಿರದ ಮನೆಯಾದರೆ ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ. ಟಿವಿಯ ಬೆನ್ನಿಗೆ ಹಾಕುವ ಸ್ಕ್ರೂಗಳು ಹೆಚ್ಚಾಗಿ ಎಂ6 (6 ಮಿಲಿಮೀಟರ್ ದಪ್ಪ). ಉದ್ದದ್ದು ಹಾಕಿದರೆ ಒಳಗಿನ ಬೋರ್ಡಿಗೆ ತಾಗುತ್ತದೆ, ಮ್ಯಾನ್ಯುಯಲ್ಲಿನಲ್ಲಿ ಬರೆದ ಉದ್ದವೇ ಬೇಕು. ಹಳೆಯ ಮಣ್ಣಿನ ಗೋಡೆಯಾದರೆ ಈ ಸಾಹಸವೇ ಬೇಡ, ಟೇಬಲ್ಲಿನ ಮೇಲಿಡಿ.

ಯಾವ ಗೋಡೆ ಎಂಬುದೂ ಮುಖ್ಯ. ಮಳೆಗಾಲದಲ್ಲಿ ಜಡಿ ಹೊಡೆಯುವುದು ಪಶ್ಚಿಮ, ನೈರುತ್ಯದಿಂದ. ಹಳೆ ಮನೆಗಳಲ್ಲಿ ಸೋಗೆಯ ತಟ್ಟಿ ಕಟ್ಟುತ್ತಿದ್ದದ್ದು ಆ ಬದಿಗೇ. ಆ ಹೊರಗೋಡೆ ಆಗಸ್ಟ್ ಹೊತ್ತಿಗೆ ಒಳಗೂ ತೇವ ಎಳೆದಿರುತ್ತದೆ, ಟಿವಿ ಅಲ್ಲಿ ಬೇಡ. ಮನೆಯ ಒಳಗೋಡೆ ಎಲ್ಲಕ್ಕಿಂತ ಒಳ್ಳೆಯದು. ಎತ್ತರಕ್ಕೆ ಪರದೆಯ ನಡುಮಧ್ಯ ನೆಲದಿಂದ 105 ಸೆಂಟಿಮೀಟರ್ ಬಂದರೆ ಸೋಫಾದಲ್ಲಿ ಕೂತವರ ಕಣ್ಣಿಗೆ ನೇರ. 55 ಇಂಚಿನ ಟಿವಿಗೆ ಕೆಳಗಿನ ಅಂಚು 70 ಸೆಂಟಿಮೀಟರಿನಲ್ಲಿ ಬರುತ್ತದೆ. ದೇವರ ಫೋಟೊ ಹಾಕುವ ಎತ್ತರಕ್ಕೆ ಟಿವಿ ಏರಿಸಿದರೆ ಕುತ್ತಿಗೆ ನೋವು ಖಂಡಿತ, ವಿಎ ಪರದೆಯಾದರೆ ಕೆಳಗಿನಿಂದ ಬಣ್ಣವೂ ಮಾಸುತ್ತದೆ.

ಕರೆಂಟಿನ ವಿಷಯದಲ್ಲಿ ಜನ ತಪ್ಪು ಜಾಗದಲ್ಲಿ ದುಡ್ಡು ಹಾಕುತ್ತಾರೆ. ಲೋ ವೋಲ್ಟೇಜ್ ಎಂದು ಸ್ಟೆಬಿಲೈಜರ್ ತರುತ್ತಾರೆ. ಆದರೆ ಈಗಿನ ಬಹುತೇಕ ಟಿವಿಗಳ ಬೆನ್ನ ಮೇಲೆ 100–240 ವೋಲ್ಟ್ ಎಂದು ಬರೆದಿರುತ್ತದೆ. ಅಡಿಕೆ ತೋಟಗಳ ಪಂಪ್‌ಸೆಟ್ಟೆಲ್ಲ ಒಟ್ಟಿಗೆ ಓಡಿ ಮನೆಯಲ್ಲಿ 160ಕ್ಕೆ ಇಳಿದರೂ ಅಂಥ ಟಿವಿಗೆ ಏನೂ ಆಗುವುದಿಲ್ಲ. ಕೊಲ್ಲುವುದು ಎರಡು: ನ್ಯೂಟ್ರಲ್ ಕಡಿತ ಮತ್ತು ಸಿಡಿಲು.

ಗಾಳಿಮಳೆಗೆ ಮರದ ಕೊಂಬೆ ಬಿದ್ದು ಟಿಸಿಯಿಂದ (ಟ್ರಾನ್ಸ್‌ಫಾರ್ಮರಿನಿಂದ) ಬರುವ ನ್ಯೂಟ್ರಲ್ ತಂತಿ ಕಡಿದರೆ, ಮೂರು ಫೇಸಿನ ಹೊರೆ ಸಮ ಇಲ್ಲದ ಕಾರಣ ಕಡಿಮೆ ಹೊರೆಯ ಫೇಸಿನ ಮನೆಗಳಿಗೆ 230ರ ಬದಲು 300, 350, ಕೆಲವೊಮ್ಮೆ 400ರ ಹತ್ತಿರ ವೋಲ್ಟ್ ಬರುತ್ತದೆ. ಟಿವಿಯೊಳಗೆ ಕರೆಂಟು ಹಂಚುವ ಪವರ್ ಬೋರ್ಡಿನ ದೊಡ್ಡ ಕಂಡೆನ್ಸರಿನ ತಾಳಿಕೆ ಸಾಮಾನ್ಯವಾಗಿ 450 ವೋಲ್ಟ್ ಡಿಸಿ. 230 ವೋಲ್ಟ್ ಎಸಿ ಡಿಸಿಯಾದಾಗ 325 ಆಗುತ್ತದೆ, 400 ವೋಲ್ಟ್ ಬಂದರೆ 565. ಢಬ್ ಎಂದು ಸದ್ದು, ಸುಟ್ಟ ವಾಸನೆ, ಮುಗಿಯಿತು. ದೀಪಗಳು ಇದ್ದಕ್ಕಿದ್ದಂತೆ ಝಗಮಗ ಉರಿದರೆ ಮೇನ್ ಸ್ವಿಚ್ ಆಫ್ ಮಾಡಿ, ಲೈನ್‌ಮನ್‌ಗೆ ಫೋನ್ ಮಾಡಿ, ಅವರು ಬಂದು ಸರಿಮಾಡುವವರೆಗೆ ಹಾಕಬೇಡಿ. ಇದನ್ನು ನೀವಿಲ್ಲದಾಗ ಮಾಡುವ ಸಾಧನವೂ ಇದೆ: ಡಿಬಿಯೊಳಗೆ (ಮನೆಯ ಕರೆಂಟಿನ ಪೆಟ್ಟಿಗೆಯೊಳಗೆ) ಎಂಸಿಬಿಯ ಪಕ್ಕ ಕೂರುವ ಓವರ್–ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್. 270 ವೋಲ್ಟಿನ ಆಸುಪಾಸಿಗೆ ಹೊಂದಿಸಿದರೆ ಸೆಕೆಂಡಿನೊಳಗೆ ಕಡಿದು, ಸರಿಯಾದ ಮೇಲೆ ತುಸು ತಡೆದು ತಾನೇ ಜೋಡಿಸುತ್ತದೆ. ಬರಿ ಟಿವಿಗಲ್ಲ, ಫ್ರಿಜ್ಜಿಗೂ ಇನ್ವರ್ಟರಿಗೂ ಅದೇ ಕಾವಲು. ಹೊಸ ಮನೆಯ ವೈರಿಂಗ್ ಆಗುವಾಗಲೇ ಹಾಕಿಸಿದರೆ ಖರ್ಚು ಅತ್ಯಲ್ಪ.

ಸಿಡಿಲಿಗೆ ಇದು ಸಾಕಾಗುವುದಿಲ್ಲ, ಅದಕ್ಕೆ ಎಸ್‌ಪಿಡಿ (ಸರ್ಜ್ ಪ್ರೊಟೆಕ್ಷನ್ ಡಿವೈಸ್) ಬೇಕು. ಎಸ್‌ಪಿಡಿ ಮಾಡುವ ಕೆಲಸ ಹೆಚ್ಚಿನ ವೋಲ್ಟನ್ನು ಭೂಮಿಗೆ ಬಿಡುವುದು. ಭೂಮಿಯೇ ತೆಗೆದುಕೊಳ್ಳದಿದ್ದರೆ? ಚಿರೆಕಲ್ಲಿನ ಗುಡ್ಡದ ಮೇಲಿನ ಮನೆಗಳಲ್ಲಿ ಬೇಸಿಗೆಗೆ ಅರ್ಥ್ ಪಿಟ್ ಒಣಗಿ ಅದರ ರೆಸಿಸ್ಟೆನ್ಸ್ ಏರಿಬಿಡುತ್ತದೆ. ಗುಡುಗು ಸಿಡಿಲಿನ ಅಡ್ಡಮಳೆ ಬರುವುದು ಸರಿಯಾಗಿ ಅದೇ ಏಪ್ರಿಲ್–ಮೇ ತಿಂಗಳಲ್ಲಿ. ಮಾರ್ಚಿನಿಂದ ವಾರಕ್ಕೊಮ್ಮೆಯಾದರೂ ಪಿಟ್ಟಿಗೆ ಎರಡು ಕೊಡ ನೀರು ಹೊಯ್ಯಿರಿ, ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ಅಳೆಸಿ. 5 ಓಮ್‌ಗಿಂತ ಕೆಳಗೆ ಇರಬೇಕು. ಇಷ್ಟಾದರೂ ಗುಡುಗು ಶುರುವಾದರೆ ಪ್ಲಗ್ ಕಿತ್ತಿಡುವುದು ಬಿಡಬೇಡಿ. ಪ್ಲಗ್ಗಿನ ಜೊತೆಗೆ ಡಿಶ್ಶಿನ ಕೇಬಲ್ಲೂ ಬಾಕ್ಸಿನಿಂದ ಬಿಚ್ಚಿ. ಸಿಡಿಲಿನ ಹೊಡೆತ ಚಾವಣಿಯ ಡಿಶ್ಶಿನಿಂದ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ಟಿವಿಯ ಮೇನ್ ಬೋರ್ಡಿಗೆ ಬರುವುದು ಬಹಳ ಸಲ ನಡೆಯುವಂಥದ್ದು. ರೂಟರಿನಿಂದ ಟಿವಿಗೆ ಲ್ಯಾನ್ ವೈರು ಎಳೆದಿದ್ದರೆ ಅದೂ ಬಿಚ್ಚಬೇಕು. ಸಿಡಿಲು, ವೋಲ್ಟೇಜ್, ತುಕ್ಕು, ಹಲ್ಲಿ–ಇರುವೆಯಿಂದಾದ ಹಾನಿಯನ್ನು ಸಾಮಾನ್ಯವಾಗಿ ವಾರಂಟಿಯಿಂದ ಹೊರಗಿಟ್ಟಿರುತ್ತಾರೆ. ಈ ಭಾಗದ ಟಿವಿಗೆ ಬರುವ ಕಾಯಿಲೆಗಳೆಲ್ಲ ಹೆಚ್ಚುಕಡಿಮೆ ಅವೇ.

ಹಲ್ಲಿ ತಮಾಷೆಯ ಮಾತಲ್ಲ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಗಾಳಿಕಿಂಡಿಯಿಂದ ಪವರ್ ಬೋರ್ಡಿಗೆ ಬರುತ್ತದೆ, ಬೋರ್ಡಿನ ಎರಡು ಪಿನ್ನುಗಳ ನಡುವೆ ಶಾರ್ಟ್ ಮಾಡಿ ತಾನೂ ಸಾಯುತ್ತದೆ. ವರ್ಷಕ್ಕೆರಡು ಸಲ ಹಿಂಬದಿಯ ಧೂಳು, ಜೇಡರಬಲೆ ಮೆತ್ತಗಿನ ಬ್ರಶ್ಶಿನಿಂದ ತೆಗೆಯಿರಿ. ಪ್ಲಾಸ್ಟಿಕ್ ಕವರ್ ಹಾಕಿ ಮುಚ್ಚುವುದು ಬೇಡ, ತೇವ ಒಳಗೇ ಉಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ ಒಂದು ಗಂಟೆಯಾದರೂ ಟಿವಿ ಓಡಲಿ. ಒಳಗಿನ ಬಿಸಿಯೇ ಬೋರ್ಡನ್ನು ಒಣಗಿಸುತ್ತದೆ. ಬ್ಯಾಕ್‌ಲೈಟ್ 100ರಲ್ಲಿ ಇಟ್ಟು ಓಡಿಸಿದರೆ ಎಲ್‌ಇಡಿ ಪಟ್ಟಿಗಳು ಬೇಗ ಸಾಯುತ್ತವೆ, 60–70 ಸಾಕು. ಸೌಂಡ್ ಬಂದು ಚಿತ್ರ ಬಾರದಿದ್ದರೆ ಕತ್ತಲಲ್ಲಿ ಪರದೆಗೆ ಟಾರ್ಚ್ ಹಿಡಿದು ನೋಡಿ. ಮಸುಕಾಗಿ ಚಿತ್ರ ಕಂಡರೆ ಹೋದದ್ದು ಬ್ಯಾಕ್‌ಲೈಟ್, ಪ್ಯಾನೆಲ್ ಅಲ್ಲ, ರಿಪೇರಿ ಆಗುತ್ತದೆ. ಪ್ಯಾನೆಲ್ಲೇ ಹೋದರೆ ಹೊಸ ಟಿವಿ ತರುವುದು ಮೇಲು.

ಇದೇ ಕಾರಣಕ್ಕೆ ಬ್ರ್ಯಾಂಡ್ ಆರಿಸುವಾಗ ಜಾಹೀರಾತಿಗಿಂತ ಪಿನ್‌ಕೋಡ್ ನೋಡಬೇಕು. ಕೊಳ್ಳುವ ಮುಂಚೆಯೇ ಕಂಪನಿಯ ಸರ್ವಿಸ್ ನಂಬರಿಗೆ ಫೋನ್ ಮಾಡಿ ಶಿರಸಿಯ 581401 ಎಂದೋ ಕಾರವಾರದ 581301 ಎಂದೋ ಹೇಳಿ, ಮನೆಗೆ ಬರುವವರು ಯಾವ ಊರಿನವರು ಎಂದು ಕೇಳಿ. ಹುಬ್ಬಳ್ಳಿಯಿಂದ ಬರಬೇಕು ಎಂದರೆ ಮಳೆಗಾಲದಲ್ಲಿ ಒಂದು ಭೇಟಿಗೆ ವಾರಗಟ್ಟಲೆ ಕಾಯಲು ಸಿದ್ಧರಿರಿ. ಟಿವಿಯನ್ನು ನೀವೇ ಸೆಂಟರಿಗೆ ತರಬೇಕು ಎಂದರೆ ಆ ಹೆಸರು ಪಟ್ಟಿಯಿಂದ ತೆಗೆಯಿರಿ. ಊರಿನ ರಿಪೇರಿಯವರನ್ನೂ ಕೇಳಿ: ಯಾವ ಕಂಪನಿಯ ಪವರ್ ಬೋರ್ಡ್, ಬ್ಯಾಕ್‌ಲೈಟ್ ಪಟ್ಟಿ ಸುಲಭಕ್ಕೆ ಸಿಗುತ್ತದೆ ಎಂಬುದು ಅವರಷ್ಟು ಯಾರಿಗೂ ಗೊತ್ತಿರುವುದಿಲ್ಲ. ಎರಡು–ಮೂರು ಸಾವಿರ ಹೆಚ್ಚಾದರೂ ಊರಿನ ಅಂಗಡಿಯಲ್ಲೇ ಕೊಳ್ಳುವುದಕ್ಕೆ ಇರುವ ಒಳ್ಳೆಯ ಕಾರಣ ಇದು. ದೂರು ಬಂದಾಗ ಹೋಗಿ ನಿಲ್ಲಲು ಒಂದು ಕೌಂಟರ್ ಇರುತ್ತದೆ.

ಬೆಲೆಯ ಬಗ್ಗೆ ಎರಡು ಮಾತು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 40 ಸಾವಿರದ ಟಿವಿ ಮೊದಲು 51,200 ಆಗುತ್ತಿತ್ತು, ಈಗ 47,200. ಹಳೆಯ ಎಂಆರ್‌ಪಿ ತೋರಿಸಿ ದೊಡ್ಡ ರಿಯಾಯಿತಿ ಕೊಟ್ಟಂತೆ ಮಾಡಿದರೆ ಈ ಲೆಕ್ಕ ನೆನಪಿರಲಿ. ಕಾರವಾರದವರು ಗೋವಾದ ಮಡಗಾಂವಿಗೆ ಹೋಗಿ ತಂದರೆ ತೆರಿಗೆ ಉಳಿಯುತ್ತದೆ ಎಂಬ ಮಾತಿಗೂ ಜಿಎಸ್‌ಟಿ ಬಂದ 2017ರ ಜುಲೈ ನಂತರ ಅರ್ಥ ಇಲ್ಲ, ದರ ಎರಡೂ ಕಡೆ ಒಂದೇ. ನೋ ಕಾಸ್ಟ್ ಇಎಂಐಯಲ್ಲಿ ಬಡ್ಡಿಯಷ್ಟನ್ನು ಮೊದಲೇ ರಿಯಾಯಿತಿಯಾಗಿ ತೋರಿಸುತ್ತಾರೆ, ಆದರೆ ಆ ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಪ್ರೊಸೆಸಿಂಗ್ ಶುಲ್ಕ ನಿಮ್ಮದೇ. ಪೂರ್ತಿ ದುಡ್ಡು ಒಮ್ಮೆಲೇ ಕೊಟ್ಟರೆ ಎಷ್ಟು ಎಂದು ಬೇರೆಯಾಗಿ ಕೇಳಿ. ಚೌತಿ, ದೀಪಾವಳಿಯ ಆಫರುಗಳ ಜೊತೆಗೆ ಬೇಸಿಗೆಯ ಹೊತ್ತಿಗೆ ಹೊಸ ಮಾಡೆಲ್ ಬಂದಾಗ ಹಿಂದಿನ ವರ್ಷದ್ದು ಇಳಿಯುವುದನ್ನೂ ಗಮನಿಸಿ. ಚಿತ್ರದಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲ.

ಮನೆಗೆ ತರುವಾಗ ಡಬ್ಬ ನಿಂತೇ ಬರಬೇಕು. ಕಾರಿನ ಹಿಂದಿನ ಸೀಟು ಮಡಚಿ ಅಡ್ಡ ಮಲಗಿಸಿದರೆ, ದೇವಿಮನೆ ಘಟ್ಟವೋ ಅರಬೈಲ್ ಘಟ್ಟವೋ ಇಳಿಯುವಷ್ಟರಲ್ಲಿ ಪರದೆಯ ಗಾಜು ತನ್ನದೇ ಭಾರಕ್ಕೆ ಬಾಗಿ ಬಿರುಕು ಬಿಡಬಹುದು. ಗೂಡ್ಸ್ ರಿಕ್ಷಾದಲ್ಲಿ ನಿಲ್ಲಿಸಿ, ಎರಡೂ ಬದಿ ಹಗ್ಗ ಕಟ್ಟಿ, ಪಕ್ಕದಲ್ಲಿ ಒಬ್ಬರು ಕೂತು ಬಂದರೆ ಸರಿ. ಡಬ್ಬ ಬಿಚ್ಚುವುದನ್ನು ಪೂರ್ತಿ ವಿಡಿಯೊ ಮಾಡಿ, ಬೆನ್ನ ಮೇಲಿನ ಸೀರಿಯಲ್ ನಂಬರ್ ಬಿಲ್ಲಿನಲ್ಲಿರುವುದಕ್ಕೆ ತಾಳೆ ನೋಡಿ. ಗೋಡೆಗೆ ಏರಿಸುವ ಮೊದಲು ಟೇಬಲ್ಲಿನ ಮೇಲೇ ಇಟ್ಟು ಪೂರ್ತಿ ಬಿಳಿ, ಪೂರ್ತಿ ಕಪ್ಪು, ಪೂರ್ತಿ ಬೂದು ಚಿತ್ರ ಹಾಕಿ, ಸತ್ತ ಪಿಕ್ಸೆಲ್ ಅಥವಾ ಮೂಲೆಯಲ್ಲಿ ಸೋರುವ ಬೆಳಕು ಇದೆಯೇ ಪರೀಕ್ಷಿಸಿ. ಬದಲಿಸಿ ಕೊಡುವ ಅವಧಿ ಅಂಗಡಿಗೊಂದು ರೀತಿ, ಅದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಡಬ್ಬ ಮತ್ತು ಥರ್ಮಾಕೋಲನ್ನು ಆ ಅವಧಿ ಮುಗಿಯುವವರೆಗೆ ಅಟ್ಟದ ಮೇಲೆ ಒಣ ಜಾಗದಲ್ಲಿ ಇಡಿ. ಡಬ್ಬ ಇಲ್ಲ ಎಂದು ವಾಪಸ್ ತಗೊಳ್ಳದ ಅಂಗಡಿಗಳೂ ಇವೆ.